ಅದೇ ಅದು, ಚಕ್ರದ ತುದೀದು

ಕೀಲಲ್ಲ. ಮೊಳೆಯೂ ಅಲ್ಲ. 'ಕ'ದಿಂದ ಶುರುವಾಗುತ್ತೆ. ಕಡ… ಕಡ… ಕಡಗೋಲಂತೂ ಖಂಡಿತ ಅಲ್ಲ. ಎತ್ತಿನ ಗಾಡಿಯ ಚಕ್ರ ಜಾರದ ಹಾಗೆ ಅಚ್ಚಿನ ತುದಿಗೆ ಸಿಕ್ಕಿಸುವ ಬೆರಳುದ್ದದ ಕಬ್ಬಿಣ. ಮಂಡ್ಯದ ಕಡೆ ನಮ್ಮಪ್ಪ ಗಾಡಿ ಕಟ್ಟುತ್ತಿದ್ದವರು. ಆ ಮಾತು ಕೇಳುತ್ತಲೇ ಬೆಳೆದವಳು ನಾನು. ಕತಾರಿಗೆ, ಮಗನ ಮನೆಗೆ ಬಂದ ಮೇಲೆ ಇಂಥ ಮಾತುಗಳು ಹೇಳದೆ ಕೇಳದೆ ಒಂದೊಂದೇ ಎದ್ದು ಹೋಗುತ್ತಿರುತ್ತವೆ. ಹುಡುಕಲು ಹೊರಟಾಗಲೆಲ್ಲ ನಗೆಪಾಟಲು ತಪ್ಪಿದ್ದಲ್ಲ.

ಹಿಣಿಲು

ಶುಕ್ರವಾರ ಊಟವಾದ ಮೇಲೆ ಐನ್ ಖಾಲಿದ್ ಬಡಾವಣೆಯ ನಮ್ಮ ಮನೆಯಲ್ಲಿ ಎಲ್ಲರೂ ಟೀವಿ ಮುಂದೆ ಸೇರುತ್ತೇವೆ. ಹಳೆಯ ಕಾಲದ ಅಮೆರಿಕದ ಕಥೆ, ಕೆಲವೇ ಕಂತುಗಳದ್ದು. ಬಟ್ಟೆಯ ಕಮಾನು ಹೊದ್ದ ಎತ್ತಿನ ಗಾಡಿಗಳಲ್ಲಿ ಪಾತ್ರೆಪಡಗ, ಮಕ್ಕಳುಮರಿ ಹೇರಿಕೊಂಡು ಪಡುವಣಕ್ಕೆ ಹೊರಟ ಜನ. ಅಷ್ಟು ದೊಡ್ಡ ಆಕಾಶದ ಕೆಳಗೆ ಗಾಡಿಗಳು ಇರುವೆ ಸಾಲಿನ ಹಾಗೆ! ಭಾಷೆ ತಿಳಿಯದಿದ್ದರೂ ಬಾಯಿ ತೆರೆದುಕೊಂಡೇ ನೋಡುತ್ತೇನೆ.

"ಅಯ್ಯೋ, ಆ ಎತ್ತುಗಳಿಗೆ ಹಿಣಿಲೇ ಇಲ್ಲ!" ಅಂದೆ.

"ಹಿಣಿಲು ಅಂದ್ರೆ?" ಎಂದಳು ಮೊಮ್ಮಗಳು. ಬೆನ್ನ ಮೇಲಿನ ಡುಬ್ಬ ಎಂದು ಕೈಯಲ್ಲಿ ತೋರಿಸಿದೆ.

"ಅವುಗಳ ಪಾಲಿಂದೂ ಇಲ್ಲಿ ಒಂಟೆಗೆ ಬಂದಿರಬೇಕು ಬಿಡಜ್ಜಿ."

ಟೀವಿಯಲ್ಲಿ, ಹೊಳೆಗೆ ಇಳಿಯುವ ಮುಂಚೆ ಗಾಡಿಯ ಗಡ್ಡದ ಯಜಮಾನ ಬಗ್ಗಿ ಒಂದೊಂದೇ ಚಕ್ರ ತಟ್ಟಿ ನೋಡಿದ. "ಅವನು ನೋಡ್ತಿರೋದು ಅದನ್ನೇ! ಅದು… ಅದೇ ಅದು…" ಎಂದವಳು ಅಲ್ಲೇ ನಿಂತುಬಿಟ್ಟೆ. ಆ ಹೆಸರು ನಾಲಿಗೆಗೆ ಬರಲಿಲ್ಲ. ಮಗನೂ ಸೊಸೆಯೂ ಮುಖ ಮುಖ ನೋಡಿಕೊಂಡರು. ಹೋದ ವಾರ ಒಲೆಯ ಮೇಲೆ ಹಾಲಿಟ್ಟು ಮರೆತಿದ್ದೆ, ನಿಜ. ಮಗ ಅರ್ಧಕ್ಕೇ ಟೀವಿ ಆರಿಸಿದ.

"ಅಮ್ಮ, ಭಾನುವಾರ ಮರೆವಿನ ಡಾಕ್ಟರ ಹತ್ರ ಹೋಗಿಬರೋಣ. ಹೀಗೇ ಆದ್ರೆ ಹಗಲು ನಿನ್ನೊಬ್ಬಳನ್ನೇ ಬಿಟ್ಟು ನಾವು ಆಫೀಸಿಗೆ ಹೋಗೋಕಾಗಲ್ಲ. ಮೈಸೂರಲ್ಲಿ ಅಕ್ಕನ ಜೊತೆ ಇರಬೇಕಾಗುತ್ತೆ."

ಮೊಮ್ಮಗಳನ್ನು ಬಿಟ್ಟು ಹೋಗುವುದೇ? ಭಾನುವಾರದೊಳಗೆ ಆ ಮಾತನ್ನು ಎಲ್ಲಿದ್ದರೂ ಹಿಡಿದು ತರುತ್ತೇನೆಂದು ಹೊರಟೆ. ಹೊರಟೆ ಅಂದರೆ, ಮಹಡಿ ಹತ್ತಿದೆ.

ಮೇಲಿನ ಮನೆ

ಮೇಲಿನ ಮನೆಯಾಕೆ ಮಂಗಳೂರಿನ ಕಡೆಯವರು. ಚಕ್ರ, ಅಚ್ಚು, ತುದಿ, ಎಲ್ಲ ವಿವರಿಸಿ, "ಅದಕ್ಕೆ ಏನಂತಾರೆ ಹೇಳಮ್ಮಾ" ಎಂದೆ. ಶ್ರದ್ಧೆಯಿಂದ ಕೇಳಿ ಆಕೆ ಹಣೆ ಚಚ್ಚಿಕೊಂಡರು.

"ಅಯ್ಯೋ ಅಮ್ಮ, ಇದನ್ನು ನನ್ನತ್ರ ಕೇಳುದಾ? ನನ್ನಪ್ಪ ದೋಣಿಯವರು. ದೋಣಿಗೆ ಚಕ್ರ ಉಂಟಾ?"

ದೂಳಿನ ಮೇಲೆ ಚಿತ್ರ

ಶನಿವಾರ ಬೆಳಿಗ್ಗೆ ಮಗ ಟಯರ್ ಬದಲಿಸಲು ಇಂಡಸ್ಟ್ರಿಯಲ್ ಏರಿಯಾಗೆ ಹೊರಟ. ಸೊಸೆಯೂ ಮೊಮ್ಮಗಳೂ ಪೇಟೆಗೆ ಹೋಗಿದ್ದರು. ಒಬ್ಬಳನ್ನೇ ಬಿಡಬಾರದಲ್ಲ, ನನ್ನನ್ನೂ ಕೂರಿಸಿಕೊಂಡ. ಗ್ಯಾರೇಜಿನ ಮೇಸ್ತ್ರಿ ಪಾಕಿಸ್ತಾನದ ಪಂಜಾಬಿನವರು, ಬಿಳಿ ಗಡ್ಡ. ನನ್ನ ಹರುಕು ಹಿಂದಿಯಲ್ಲಿ ಎತ್ತಿನ ಗಾಡಿಗೆ "ಬೈಲ್‌ಗಾಡಿ" ಎಂದದ್ದೇ ತಡ, ಅವರು ಸ್ಪ್ಯಾನರ್ ಕೆಳಗಿಟ್ಟರು. ಕಾರಿನ ಬಾನೆಟ್ಟಿನ ದೂಳಿನ ಮೇಲೆ ಬೆರಳಿನಿಂದ ಚಕ್ರ ಬರೆದರು, ಅಚ್ಚು ಬರೆದರು, ಅಚ್ಚಿನ ತುದಿಗೆ ಪುಟ್ಟದೊಂದು ಅಡ್ಡಗೆರೆ ಎಳೆದರು.

ಅವರ ಊರೆಲ್ಲಿ, ನಮ್ಮೂರೆಲ್ಲಿ, ಆ ಅಮೆರಿಕದ ಹೊಳೆಯೆಲ್ಲಿ! ಎಲ್ಲೆಲ್ಲೂ ಚಕ್ರ ನಿಂತದ್ದು ನಮ್ಮಪ್ಪ ಬಡಿದು ಕೂರಿಸುತ್ತಿದ್ದ ಆ ಒಂದು ತುಂಡಿನ ಮೇಲೆ.

"ಹಾಂ, ಅದೇ! ನಾಮ್ ಕ್ಯಾ?" ಎಂದು ಹೆಸರು ಕೇಳಿದೆ.

ಅವರು ಗಡ್ಡ ಕೆರೆದುಕೊಂಡರು. ಆಕಾಶ ನೋಡಿದರು. "ಅಮ್ಮಾಜೀ… ವೋ… ವಹೀ ವೋ…" ಅವರ ಭಾಷೆಯ 'ಅದೇ ಅದು'.

ಮಗನ ಕಡೆ ತಿರುಗಿ ಹೇಳಿದೆ: "ಭಾನುವಾರ ಇವರನ್ನೂ ಕೂರಿಸ್ಕೊಳ್ಳೋ."

ಹೊಳೆಯ ನಡುವೆ

ಸಂಜೆ ಉಳಿದರ್ಧ ಕಂತು ಹಾಕಿದರು. ಗಾಡಿಗಳು ನೀರಿಗಿಳಿದವು. ಎತ್ತುಗಳ ಮೂಗು ಮಾತ್ರ ಮೇಲೆ. ಗಾಡಿಯೊಳಗೆ ನನ್ನಂಥವಳೇ ಒಬ್ಬ ಮುದುಕಿ, ಮಡಿಲಲ್ಲಿ ಕೂಸು. ನಮ್ಮ ಮನೆಯವರೆಲ್ಲ ಅವಳ ಮುಖ ನೋಡುತ್ತಿದ್ದರು. ನಾನು ಗಾಡಿ ಕಟ್ಟುವವನ ಮಗಳು, ಚಕ್ರ ನೋಡುತ್ತಿದ್ದೆ.

"ನಿಲ್ಲಿಸ್ರೋ! ಕಡಾಣಿ! ಕಡಾಣಿ ಕಳಚ್ತಿದೆ!" ಸೋಫಾದಿಂದ ಎದ್ದು ಕೂಗಿದೆ.

ಮರುಕ್ಷಣ ಚಕ್ರ ಕಳಚಿತು, ಗಾಡಿ ವಾಲಿತು. ಯಜಮಾನ ಧುಮುಕಿ ಕೂಸನ್ನೂ ಮುದುಕಿಯನ್ನೂ ಎಳೆದುಕೊಂಡ. ನಮ್ಮ ಮನೆಯಲ್ಲಿ ಅದನ್ನು ನೋಡಿದವರು ಯಾರೂ ಇಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮಗ ಕಂತನ್ನು ಹಿಂದಕ್ಕೆ ಓಡಿಸಿ ನಿಲ್ಲಿಸಿದ. ಪರದೆಯ ಮೂಲೆಯಲ್ಲಿ ಬೆರಳುದ್ದದ ಕಬ್ಬಿಣ, ಅರ್ಧ ಈಚೆ ಬಂದದ್ದು.

"ಅಮ್ಮ," ಎಂದ ಮೆಲ್ಲಗೆ, "ನಮಗ್ಯಾರಿಗೂ ಕಾಣಲಿಲ್ಲ. ಡಾಕ್ಟರು ಬೇಡ, ನೀನಿಲ್ಲೇ ಇರು."

ಕಣ್ಣೊರೆಸಿಕೊಂಡು ಮೊಮ್ಮಗಳನ್ನು ಕರೆದೆ. "ಮತ್ತೆ ಓಡಿಹೋಗೋಕೆ ಮುಂಚೆ ಬರ್ಕೊಳ್ಳೇ. ಇಂಗ್ಲಿಷಲ್ಲಿ ಬೇಡ, ಕನ್ನಡದಲ್ಲಿ."

ಅವಳು ಪೆನ್ಸಿಲ್ ಹಿಡಿದಳು. 'ಕ' ಬಂತು. 'ಡಾ' ಬಂತು. ಅಲ್ಲಿಗೆ ನಿಂತಳು. "ಅಪ್ಪ, ದೊಡ್ಡ 'ಣ' ಹೇಗೆ ಬರೆಯೋದು?"

ಮಗ ಪೆನ್ಸಿಲ್ ತೆಗೆದುಕೊಂಡ. ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದ. ಬರೆದ, ಅಳಿಸಿದ. ಬರೆಯುವುದು ಬಿಟ್ಟು ಎಷ್ಟು ವರ್ಷವಾಯಿತೋ. "ಅದು… ಅದೇ ಅದು…"

"ಪುಟ್ಟಿ," ಎಂದೆ, "ಕಡಾಣಿ ಆಮೇಲೆ. ಮೊದಲು ಭಾನುವಾರದ ಡಾಕ್ಟರಿಗೆ ನಿಮ್ಮಪ್ಪನ ಹೆಸರು ಬರ್ಕೊ."