ಮಗ್ಗದ ಓಣಿಯಲ್ಲಿ ವೈಫೈಗೆ ಬೀಗ

ಬನಹಟ್ಟಿಯ ನಮ್ಮ ಮನೆಯ ವೈಫೈಗೆ ಬೀಗ ಹಾಕುವುದು ಹತ್ತು ನಿಮಿಷದ ಕೆಲಸವೆಂದು ನಾನು ಅಧಿಕೃತವಾಗಿ ಪ್ರಕಟಿಸಿದೆ. ನಾನು ಪತ್ರಿಕೆಯ ವರದಿಗಾರ, ಪ್ರಕಟಿಸುವುದು ರೂಢಿ.

ಕಾರಣವಿತ್ತು. ಬೀಳಗಿಯಲ್ಲಿ ಮಗಳ ಕೂಸು ಹೆಜ್ಜೆ ಇಡುವ ಹವಣಿಕೆಯಲ್ಲಿತ್ತು. ಹೋಗಿ ನೋಡೋಣವೆಂದರೆ ಹೆಂಡತಿ ಶಾಂತಾಳ ಕಾಲಿಗೆ ಪ್ಲಾಸ್ಟರ್. ದಿನವೂ ವಿಡಿಯೋ ಕರೆಗೆ ಕಾಯುತ್ತಿದ್ದಳು. ಪಾಸ್‌ವರ್ಡ್ ಇಲ್ಲದ ನಮ್ಮ ವೈಫೈಗೆ ಇಡೀ ಓಣಿಯೇ ಜೋತುಬಿದ್ದು, ಮೊಮ್ಮಗಳ ಮುಖ ಪರದೆಯ ಮೇಲೆ ಅಲ್ಲಾಡದೆ ನಿಂತುಬಿಡುತ್ತಿತ್ತು.

“ಇವತ್ತ ಹೆಜ್ಜಿ ಇಡೂದ ಖರೆ ಅಂದಾಳ್ರಿ ಮಗಳು. ಏನರ ಮಾಡ್ರಿ,” ಎಂದಳು ಶಾಂತಾ.

ರೂಟರ್ ಮುಂದೆ ಕುಳಿತೆ. ಭದ್ರತೆಯ ಆಯ್ಕೆಗಳಲ್ಲಿ ಡಬ್ಲ್ಯುಪಿಎ ಎರಡು, ಡಬ್ಲ್ಯುಪಿಎ ಮೂರು ಎಂದಿತ್ತು. ಮೂರು ಎರಡಕ್ಕಿಂತ ದೊಡ್ಡದು. ಮೂರನ್ನೇ ಒತ್ತಿದೆ! ಶಾಂತಾಳ ಹಳೆಯ ಫೋನು ಅದಕ್ಕೆ ಜೋಡಣೆಯಾಗಲೇ ಇಲ್ಲ. ಗೌರವಯುತವಾಗಿ ಎರಡಕ್ಕೆ ಇಳಿದೆ. ಯಾರೂ ಊಹಿಸಲಾಗದಷ್ಟು ಉದ್ದದ ಪಾಸ್‌ವರ್ಡ್ ಇಟ್ಟೆ.

ಒಳಕೋಣೆಯಿಂದ ಶಾಂತಾ ಕೂಗಿದಳು: “ಪಾಸ್‌ವರ್ಡ್ ಏನ್ರೀ?”

ನಮ್ಮ ಎರಡೂ ಪಕ್ಕದ ಮನೆಗಳಲ್ಲಿ ವಿದ್ಯುತ್ ಮಗ್ಗಗಳು. ಆ ಸದ್ದಿನಲ್ಲೇ ಹುಟ್ಟಿ ಬೆಳೆದ ನಾವು ಎದ್ದು ಹೋಗಿ ಹೇಳುವುದಿಲ್ಲ, ಕೂಗುತ್ತೇವೆ. ಕೂಗಿದೆ.

“ಕೇಳಸವಲ್ದು! ಜೋರ ಹೇಳ್ರಿ!”

ಒಂದೊಂದೇ ಅಕ್ಷರ ಬಿಡಿಸಿ, ಗಂಟಲು ಹರಿಯುವಂತೆ ಹೇಳಿದೆ. ಪಕ್ಕದ ಮನೆಯ ಮಗ್ಗ ಥಟ್ಟನೆ ನಿಂತಿತು. ಅಲ್ಲಿಯ ಗಂಗವ್ವ ಕಿಟಕಿಯಿಂದ ಕೇಳಿದಳು:

“ಕಾಕಾರ, ಏಳರ ಮುಂದ ಏನಂದ್ರಿ?”

“ಒಂಬತ್ತವ್ವಾ!” ಎಂದೆ. ಸ್ಪಷ್ಟೀಕರಣ ಕೇಳಿದರೆ ಕೊಡುವುದು ನನ್ನ ವೃತ್ತಿಧರ್ಮ!

“ನೆಟ್ ಬಂತ್ರಿ, ಬಂತು!” ಎಂದಿತು ಎದುರು ಮನೆ.

ಆಗಲೇ ಶಾಂತಾಳ ಫೋನಿಗೆ ಮಗಳ ಕರೆ ಬಂತು, ನಾನೂ ಒಳಕೋಣೆಗೆ ಓಡಿದೆ. ಮೊಮ್ಮಗಳು ಗೋಡೆ ಬಿಟ್ಟಳು. ಪುಟ್ಟ ಕಾಲು ಮೇಲೆದ್ದಿತು. ಚಿತ್ರ ಅಲ್ಲೇ ನಿಂತಿತು!

ಎತ್ತಿದ ಆ ಪಾದವನ್ನು ಶಾಂತಾ ಬೆರಳ ತುದಿಯಿಂದ ಸವರಿದಳು. ತುಸು ಮುಂದಕ್ಕೆ ಜಾರಿಸಿದರೆ ಹೆಜ್ಜೆ ಬಿದ್ದೀತೇನೋ ಎಂಬಂತೆ.

ಚಿತ್ರ ಬರಲಿಲ್ಲ, ಮಗಳ ದನಿ ಮಾತ್ರ ಬಂತು: “ಮೂರ ಹೆಜ್ಜಿ ಇಟ್ಟಳಬೇ ಯವ್ವಾ! ನೋಡಿದಿಲ್ಲೋ?”

“ನೋಡಿದ್ನೆವಾ. ಕಣ್ಣ ತುಂಬ ನೋಡಿದೆ,” ಎಂದಳು ಶಾಂತಾ. ನೋಡುತ್ತಿದ್ದದ್ದು ನನ್ನನ್ನು.

ದಾಖಲೆಗಾಗಿ ವರದಿ ಮಾಡುತ್ತಿದ್ದೇನೆ: ನಾನು ಹಾಕಿದ ಬೀಗ ಇಡೀ ಓಣಿಯಲ್ಲಿ ಇಬ್ಬರನ್ನು ಮಾತ್ರ ಯಶಸ್ವಿಯಾಗಿ ಹೊರಗಿಟ್ಟಿತು. ಒಬ್ಬಳು ಅಜ್ಜಿ. ಇನ್ನೊಬ್ಬ ಬೀಗ ಹಾಕಿದವನು.