ಹೀಂಗೇ ಮುಂದುವರೀರಿ

ಒಬ್ಬರ ಬರಹವನ್ನು ಇನ್ನೊಬ್ಬರ ಕೈಗಿಟ್ಟು "ಓದಿ, ಏನು ತಿದ್ದಬೇಕು ಹೇಳಿ" ಅಂದರೆ ಸಾಕು, ಈ ಜಿಲ್ಲೆಯಲ್ಲಿ ಏನಾದರೊಂದು ಆಗಿಯೇ ಆಗುತ್ತದೆ. ಕನ್ನಡ ಕಲಿಸುತ್ತ ಔರಾದ್, ಭಾಲ್ಕಿ, ಬೀದರ್ ಮೂರೂ ಕಡೆಯ ನೀರು ಕುಡಿದಿದ್ದೇನೆ, ಮೂರೂ ಕಡೆ ಬಿಪಿ ಗುಳಿಗೆ ನುಂಗಿದ್ದೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಅನ್ನುತ್ತಾರೆ. ಇರಲಿ. ಕೇಳಿದ ಮೇಲೆ ನಿಮ್ಮ ಮೂಗಿನ ತುದಿಯೂ ಕೆಂಪಾಗದಿದ್ದರೆ ನೋಡಿ.

೧. ಖಾಲಿ ಹಾಳೆ

ಔರಾದ್ ತಾಲ್ಲೂಕಿನ ಠಾಣಾ ಕುಶನೂರಿನಲ್ಲಿ ಹೈಸ್ಕೂಲು ಮಕ್ಕಳು. ಪ್ರಬಂಧ ಬರೆದು, ಅದಲುಬದಲು ಮಾಡಿಕೊಂಡು, ಕೆಳಗೆ ಅಭಿಪ್ರಾಯ ಬರೆಯಬೇಕು. ಎಲ್ಲ ಹಾಳೆಗಳಲ್ಲೂ ಒಂದೇ ಮಾತು: "ಭಾಳ ಚಲೋ ಅದ. ಹೀಂಗೇ ಮುಂದುವರೀರಿ." ಅಚ್ಚು ಹಾಕಿಸಿದ್ದರೋ ಏನೋ! ಮರುವಾರ ಸಿಟ್ಟಿಗೆ ನಾನೇ ಒಂದು ಖಾಲಿ ಹಾಳೆಯ ಮೇಲೆ ಯಾರದೋ ಹೆಸರು ಬರೆದು ನಡುವೆ ತುರುಕಿದೆ. ಬಂತು ನೋಡಿ ವಾಪಸ್: "ಭಾಳ ಚಲೋ ಅದ. ಹೀಂಗೇ ಮುಂದುವರೀರಿ."

ಬರೆದವಳನ್ನು ಎಬ್ಬಿಸಿ ನಿಲ್ಲಿಸಿದೆ. "ಇದರಾಗ ಏನ್ ಚಲೋ ಅದ, ಹೇಳವ್ವ?"

"ಖಾಲಿ ಅದ ಅಂತ ಬರದ್ರ ಅವ್ರಿಗಿ ಬ್ಯಾಸರ ಆಗ್ತದಲ್ರಿ ಮೇಡಂ," ಅಂದಳು. ನನ್ನ ಮುಖ ನೋಡಿ ಮೆಲ್ಲಗೆ ಸೇರಿಸಿದಳು, "ಹಾಳಿ ಸ್ವಚ್ಛ ಅದಲ್ರಿ."

೨. ಬೀಗತನ

ಮುಂದೆ ಭಾಲ್ಕಿಯ ಕಾಲೇಜೊಂದಕ್ಕೆ ಸೇರಿದೆ. ಅಲ್ಲಿ ಮೊದಲೇ ಗುಡುಗಿದೆ: ಒಂದಾದರೂ ಕೊರತೆ ಬರೆಯದವರು ತರಗತಿಯಿಂದ ಹೊರಗೆ. ಒಬ್ಬ ಹುಡುಗ ಧೈರ್ಯ ಮಾಡಿ, ಗೆಳೆಯನ ಪ್ರಬಂಧದ ಪೀಠಿಕೆ ನೋಡಿ, ಕೆಳಗೆ "ಶುರುವಾತು ಭಾಳ ಉದ್ದ ಆಗ್ಯದ" ಎಂದು ಬರೆದ. ನಾನು ಕುಣಿಯುವುದೊಂದು ಬಾಕಿ.

ಮರುದಿನ ರುಮಾಲು ಸುತ್ತಿದ ಇಬ್ಬರು ಅಜ್ಜಂದಿರು ಸ್ಟಾಫ್ ರೂಮಿಗೆ ಬಂದರು. ಒಬ್ಬರು ಟೀಕೆ ಬರೆದವನ ಅಜ್ಜ, ಇನ್ನೊಬ್ಬರು ಬರೆಸಿಕೊಂಡವನ ಅಜ್ಜ.

ಬರೆಸಿಕೊಂಡವನ ಅಜ್ಜ ಶುರು ಮಾಡಿದರು: "ಮೇಡಮ್ರೀ, ಇವ್ರ ಮನಿಗಿ ನಮ್ಮ ಹೆಣ್ಣ ಕೊಟ್ಟೇವ್ರಿ. ಈಗ ಇವ್ರ ಹುಡುಗ ನಮ್ಮ ಹುಡುಗಗ ಐಬ ತೆಗದ್ರ ಬೀಗತನ ಹ್ಯಾಂಗ ಉಳೀಬೇಕ್ರಿ?"

"ಹುಡುಗಗಲ್ರಿ ಯಜಮಾನ್ರ, ಪ್ರಬಂಧಕ್ಕ."

"ಪ್ರಬಂಧ ಏನ್ ಮಂದಿ ಮನಿದೇನ್ರಿ?"

ಚಹಾ ತರಿಸಿ, ಎಲೆ ಅಡಿಕೆ ಹಾಕಿಸಿ ರಾಜಿ ಮಾಡಿಸಬೇಕಾಯಿತು. ಹುಡುಗ ಹಳೆಯ ಸಾಲು ಹೊಡೆದುಹಾಕಿ ಹೊಸದಾಗಿ ಬರೆದ: "ಶುರುವಾತು ಇನ್ನೂ ಜರಾ ಉದ್ದ ಇರಬೇಕಿತ್ತು."

೩. ಗಂಡಿನ ಕಡೆಯವರು

ಈಗ ಇರುವುದು ಬೀದರಿನಲ್ಲಿ, ಡಿಗ್ರಿ ಕಾಲೇಜು. ಡಾಬಕಾದಿಂದ ಬಂದು ಹಾಸ್ಟೆಲಿನಲ್ಲಿದ್ದ ಒಬ್ಬ ಹುಡುಗಿ, ಕುರಿ ಸಾಕುವವರ ಮಗಳು, ಸಿಟ್ಟಿನಲ್ಲಿ ನನ್ನ ತಂಗಿಯೇ ಸರಿ. ಅವಳಿಗೆ ಎಂ.ಎ. ಓದುವ ಆಸೆ. ಅಪ್ಪ ಹೇಳಿಬಿಟ್ಟಿದ್ದ: "ಪ್ರಬಂಧ ಸ್ಪರ್ಧಾದಾಗ ಗೆದ್ದು ಬಾ, ಓದಸ್ತೇನಿ. ಸೋತ್ರ ಸುಮ್ನ ಆ ಹುಡುಗಗ ಹೂಂ ಅನ್ನು." ಭಾನುವಾರ ಅವಳು ಊರಿಗೆ ಹೋದಾಗ ಗಂಡಿನ ಕಡೆಯವರು ಬಂದು ನೋಡಿ ಹೋಗಿದ್ದರು. ಶನಿವಾರ ಸ್ಪರ್ಧೆ.

ಸೋಮವಾರ ಅವಳು ಕುರಿಗಳ ಮೇಲೆ ಬರೆದದ್ದನ್ನು ತರಗತಿಯಲ್ಲಿ ಓದಿ, "ಏನ್ ತಿದ್ದಲಿ, ಹೇಳ್ರಿ" ಎಂದು ಕೇಳಿದಳು. ಇಡೀ ತರಗತಿ ಒಂದೇ ದನಿಯಲ್ಲಿ: "ಭಾಳ ಚಲೋ ಅದ! ಹೀಂಗೇ ಮುಂದುವರೀರಿ!"

ನಾನು ಬಾಯಿ ತೆರೆಯುವ ಮೊದಲೇ ಅವಳು ಮೇಜು ಗುದ್ದಿದಳು.

"ಸುಳ್ಳ! ನಿನ್ನಿ ಬಂದವ್ರು ನನ್ನ ನಡಗಿ, ಎತ್ತರ, ಬಣ್ಣ, ಮಾಡಿದ ಚಹಾ ಒಂದೂ ಬಿಡಲಿಲ್ಲ. ಅವ್ರಿಗಿ ನಾಚ್ಕಿ ಆಗಲಿಲ್ಲ. ನಿಮಗ ಒಂದು ಹಾಳಿಗಿ ಐಬ ತೆಗೀಲಿಕ್ಕ ನಾಚ್ಕೇನ? ತಗೋರಿ, ಈ ಪ್ರಬಂಧನೇ ಹೆಣ್ಣ. ನೀವು ಗಂಡಿನ ಕಡ್ಯವ್ರು. ನೋಡ್ರಿ!"

ಹಿಂದಿನ ಬೆಂಚಿನವನೊಬ್ಬ ಕಾಲ ಮೇಲೆ ಕಾಲು ಹಾಕಿ ಕೂತ.

"ಹೆಣ್ಣ ಅಡಗಿಮನಿ ಬಿಟ್ಟು ಹೊರಗ ಬರ್ಲಿಕ್ಕೇ ಭಾಳ ಹೊತ್ತಾತು. ಎರಡ ಪುಟ ಆದ್ರೂ ಕುರಿನೇ ಕಾಣವಲ್ವು."

"ಬಂಗಾರ ಭಾಳ ಹೇರ್ಯಾರ," ಅಂದಳು ಇನ್ನೊಬ್ಬಳು. "ದೊಡ್ಡ ದೊಡ್ಡ ಶಬ್ದದಾಗ ಮಾರಿ ಮುಚ್ಚಿ ಹೋಗ್ಯದ."

"ಏನ್ ಕೇಳಿದ್ರೂ ಅವ್ರಪ್ಪನೇ ಮಾತಾಡ್ತಾನ," ಅಂದ ಮೂರನೆಯವನು. "ಅಪ್ಪ ಹಾಂಗಂದ, ಅಜ್ಜ ಹೀಂಗಂದ. ಹುಡುಗಿ ಏನ್ ಅಂತಾಳ?"

ಇಷ್ಟು ವರ್ಷ ನಾನು ಗಂಟಲು ಹರಿದುಕೊಂಡರೂ ಹೊರಡದ ಮಾತು ಈಗ ಪಟಪಟ ಉದುರಿತು. ಒಂದೊಂದೂ ಸರಿಯಾದ ಮಾತೇ. ನನಗೆ ಖುಷಿಯಾಗಬೇಕಿತ್ತು, ಮೈ ಉರಿಯಿತು. ಹೆಣ್ಣಿಗೆ ಐಬು ಹುಡುಕುವುದನ್ನು ಈ ಮಕ್ಕಳಿಗೆ ಯಾವ ಮೇಷ್ಟ್ರೂ ಕಲಿಸಬೇಕಿರಲಿಲ್ಲ!

ಅವಳು ಮಾತ್ರ ಎಲ್ಲ ಬರೆದುಕೊಂಡಳು. ಮೊದಲ ಎರಡು ಪುಟ ಹರಿದು ಎಸೆದಳು, ಅಪ್ಪನನ್ನೂ ಅಜ್ಜನನ್ನೂ ಸುಮ್ಮನಿರಿಸಿ ತಾನೇ ಮಾತಾಡಿದಳು. ಶನಿವಾರ ಮೊದಲ ಬಹುಮಾನ ಬಂತು, ಅಪ್ಪ ಮಾತು ಉಳಿಸಿಕೊಂಡ.

ಮರುದಿನವೇ ಗಂಡಿನ ಕಡೆಯವರು ಉತ್ತರ ಕೇಳಲು ಮತ್ತೆ ಬಂದರಂತೆ. ನಾಳೆ ಮುಖ ನೋಡಬೇಕಾದ ಜನ. ಅಪ್ಪನ ಬಾಯಿಂದ "ಇಲ್ಲ" ಅನ್ನುವ ಮಾತು ಹೊರಡಲೊಲ್ಲದು. ಕೊನೆಗೆ ಹುಡುಗನೇ ಕಾಲರ್ ಸರಿ ಮಾಡಿಕೊಂಡು ಕೇಳಿದನಂತೆ: "ನನ್ನ ಬಗ್ಗಿ ನಿಮ್ಮ ಅಭಿಪ್ರಾಯ ಏನ್ರಿ?"

ನಮ್ಮ ಹುಡುಗಿ ಚಹಾದ ತಟ್ಟೆ ಕೆಳಗಿಟ್ಟು, ಎರಡೂ ಕೈ ಮುಗಿದು ಅಂದಳಂತೆ:

"ಭಾಳ ಚಲೋ ಇದ್ದೀರಿ. ಹೀಂಗೇ ಮುಂದುವರೀರಿ."