ಮೂಲೆಯ ಬೀಸಣಿಗೆ ಮಾಯವಾದ ದಿನ

ಆದದ್ದೆಲ್ಲ ದಾಕ್ಷಿಣ್ಯದಿಂದಲೇ ಆಯಿತು. ಲ್ಯಾಪ್‌ಟಾಪು ಎಷ್ಟೋ ದಿನಗಳಿಂದ ಪರದೆಯ ಮೇಲೆ ಒಂದು ಸಣ್ಣ ಚೌಕ ತೋರಿಸಿ ಕೇಳುತ್ತಿತ್ತು: ಹೊಸ ಆವೃತ್ತಿ ಬಂದಿದೆ, ಈಗ ಹಾಕಲೇ, ಆಮೇಲೆ ಹಾಕಲೇ? ಅವನು ಪ್ರತಿ ಸಲವೂ ಆಮೇಲೆ ಎಂದು ಒತ್ತುತ್ತಿದ್ದ. ಆ ಬೆಳಿಗ್ಗೆ ಯಾಕೋ ಮನಸ್ಸು ಕೇಳಲಿಲ್ಲ. ಬಾಗಿಲಿಗೆ ದಿನಾ ಬಂದು ತಲೆ ತಗ್ಗಿಸಿ ಕೇಳುವವರನ್ನು ಎಷ್ಟು ದಿನ ಅಂತ ಆಮೇಲೆ ಬಾ ಎನ್ನುವುದು? ಈಗ ಎಂದು ಒತ್ತಿಬಿಟ್ಟ.

ಲ್ಯಾಪ್‌ಟಾಪು ತನ್ನಷ್ಟಕ್ಕೆ ತಾನೇ ಆರಿತು, ಮತ್ತೆ ಹೊತ್ತಿಕೊಂಡಿತು. ನೋಡಿದರೆ ಎಲ್ಲವೂ ಇತ್ತು. ಮೂಲೆಯಲ್ಲಿ ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿರುತ್ತಿದ್ದ ವೈಫೈ ಗುರುತು ಒಂದು ಮಾತ್ರ ಇರಲಿಲ್ಲ.

ಅವನ ಕೆಲಸ ಕೈಪಿಡಿ ಬರೆಯುವುದು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಯಂತ್ರ, ಇವುಗಳ ಡಬ್ಬಿಯೊಳಗೆ ಮಡಿಸಿದ ಕಾಗದವೊಂದು ಬರುತ್ತದಲ್ಲ, ಯಾರೂ ಓದದೆ ಡಬ್ಬಿಯ ಜೊತೆಗೇ ಅಟ್ಟ ಸೇರುವಂಥದು, ಅದನ್ನು ಬರೆಯುವವನು ಅವನೇ. ಕಟ್ಟಡದವರು ಅವನನ್ನು ಕೈಪಿಡಿ ಎಂದೇ ಕರೆಯುತ್ತಿದ್ದರು. ಅವನೂ ಓಗೊಡುತ್ತಿದ್ದ.

ಕೆಲಸ ಮನೆಯಿಂದಲೇ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಅವಳ ತಾಯಿಗೆ ಮಂಡಿಯ ಆಪರೇಶನ್ ಆಗಿ, ಇವರ ಮನೆಗೇ ಕರೆತಂದಿದ್ದರು. ಅತ್ತೆಯನ್ನು ಆಗಾಗ ಎಬ್ಬಿಸಿ, ವಾಕರ್ ಹಿಡಿಸಿ, ಪಕ್ಕದಲ್ಲೇ ನಿಂತು ಕೋಣೆಯಿಂದ ಅಡುಗೆಮನೆವರೆಗೆ ನಡೆಸಬೇಕು. ಪಕ್ಕದಲ್ಲಿ ಜನ ಇಲ್ಲದಿದ್ದರೆ ಆಕೆ ಒಂದು ಹೆಜ್ಜೆಯನ್ನೂ ಕಿತ್ತಿಡುತ್ತಿರಲಿಲ್ಲ. ಅವನು ಮನೆಯಲ್ಲಿ ಇರುವುದರ ಮೇಲೆ ಇಡೀ ಸಂಸಾರ ನಿಂತಿತ್ತು.

ಹಿಂದಿನ ವಾರ ನೆಟ್ ಕೈಕೊಟ್ಟು ಮೀಟಿಂಗು ತಪ್ಪಿದಾಗ ಮ್ಯಾನೇಜರು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ. ತಣ್ಣಗೆ ಹೇಳಿದ್ದರು: "ಇನ್ನೊಂದು ಸಲ ಹೀಗಾದ್ರೆ ದಿನಾ ಆಫೀಸಿಗೇ ಬಂದ್ಬಿಡಿ. ಇಲ್ಲಿ ನೆಟ್ ಚೆನ್ನಾಗಿದೆ."

ಇವತ್ತು ಹನ್ನೊಂದಕ್ಕೆ ಮೀಟಿಂಗು. ಹೊಸ ಇಸ್ತ್ರಿಪೆಟ್ಟಿಗೆಯ ಪುಟಗಳನ್ನು ಎಲ್ಲರಿಗೂ ತೆರೆದು ತೋರಿಸಬೇಕು. ಪುಟಗಳು ಲ್ಯಾಪ್‌ಟಾಪಿನ ಹೊಟ್ಟೆಯೊಳಗಿದ್ದವು.

ಅವನು ಭಾವಮೈದನಿಗೆ ಫೋನು ಮಾಡಿದ. ಲ್ಯಾಪ್‌ಟಾಪು ಎತ್ತಿನಗಾಡಿಯ ಹಾಗೆ ಆಗಿದ್ದಾಗ ಹಳೆಯದನ್ನೆಲ್ಲ ಕಿತ್ತುಹಾಕಿ ಅದಕ್ಕೆ ಲಿನಕ್ಸ್ ಎಂಬ ಬಿಟ್ಟಿ ಆಪರೇಟಿಂಗ್ ಸಿಸ್ಟಮ್ ತುಂಬಿಸಿಕೊಟ್ಟವನು ಈ ಭಾವಮೈದನೇ. ಇದು ಯಾರಪ್ಪನ ಸ್ವತ್ತೂ ಅಲ್ಲ ಭಾವ, ಲೋಕದವರೆಲ್ಲ ಸೇರಿ ಮಾಡಿದ್ದು, ಎಂದಿದ್ದ. ಯಾರ ಸ್ವತ್ತೂ ಅಲ್ಲವಾದ್ದರಿಂದ ಈಗ ಬಯ್ಯಲು ಯಾರೂ ಸಿಗುತ್ತಿರಲಿಲ್ಲ.

"ಕಮಾಂಡ್ ಟೈಪ್ ಮಾಡೋ ಕಪ್ಪು ಕಿಟಕಿ ತೆಗೀರಿ ಭಾವ," ಎಂದ ಭಾವಮೈದ. ಆಮೇಲೆ ಒಂದೊಂದೇ ಅಕ್ಷರ ಹೇಳಿ ಏನೇನೋ ಒತ್ತಿಸಿದ. ಕಪ್ಪು ಕಿಟಕಿಯಲ್ಲಿ ಬಿಳಿ ಸಾಲುಗಳು ಇರುವೆ ಗೂಡು ಕೆದಕಿದ ಹಾಗೆ ಹರಿದುಬಂದವು. ಅವುಗಳಲ್ಲಿ ಕೆಲವನ್ನು ಓದಿಸಿಕೊಂಡು ಭಾವಮೈದ ಹೇಳಿದ, "ಗೊತ್ತಾಯ್ತು. ಲಿನಕ್ಸಿನ ತಿರುಳು ಕರ್ನಲ್ ಹೊಸದು ಬಂದಿದೆ. ಅದಕ್ಕೂ ನಿಮ್ಮ ವೈಫೈ ನಡೆಸೋ ಡ್ರೈವರ್ ಪ್ರೋಗ್ರಾಮಿಗೂ ಆಗಿಬರ್ತಿಲ್ಲ."

"ಅಂದ್ರೆ?"

"ಅತ್ತೆ ಸೊಸೆ ಇದ್ದ ಹಾಗೆ. ಹೊಸ ಡ್ರೈವರ್ ಇಳಿಸಿಕೊಂಡ್ರೆ ಸರಿಹೋಗುತ್ತೆ."

"ಎಲ್ಲಿಂದ ಇಳಿಸಿಕೊಳ್ಳೋದು?"

"ನೆಟ್ಟಿಂದ."

ಅವನು ಪರದೆಯ ಮೂಲೆಯ ಖಾಲಿ ಜಾಗ ನೋಡಿದ. "ನೆಟ್ ಬರ್ಬೇಕಾದ್ರೆ ನೆಟ್ ಬೇಕು."

"ಹೂಂ ಭಾವ. ಅದೊಂದೇ ಸ್ವಲ್ಪ ತೊಂದರೆ. ಫೋನನ್ನ ಕೇಬಲ್ಲಿಂದ ಲ್ಯಾಪ್‌ಟಾಪಿಗೆ ಚುಚ್ಚಿ, ಫೋನಿನ ನೆಟ್ ಅದಕ್ಕೆ ಹೋಗುತ್ತೆ."

ಚುಚ್ಚಿದ. ಫೋನು ಆನಂದವಾಗಿ ಚಾರ್ಜ್ ಆಗತೊಡಗಿತು. ಅದರಿಂದಾಚೆಗೆ ಆ ಕೇಬಲ್ಲಿಗೆ ಏನೂ ತಿಳಿದಿರಲಿಲ್ಲ. "ಬೇರೆ ಕೇಬಲ್ ತಗೊಳ್ಳಿ ಭಾವ, ನಾನು ಲಿಫ್ಟಿಗೆ ಹೋಗ್ತಿದ್ದೀನಿ," ಎಂದು ಭಾವಮೈದ ಲಿಫ್ಟಿನೊಳಗೆ ಹೋಗಿ ಅಳಿಸಿಹೋದ.

ಅವನು ಮ್ಯಾನೇಜರಿಗೆ, ನೆಟ್ ಸಣ್ಣ ತೊಂದರೆ, ಸರಿಮಾಡ್ತಿದ್ದೇನೆ ಎಂದು ಮೆಸೇಜು ಹಾಕಿ, ಕೇಬಲ್ಲು ಕೇಳಲು ಎದುರುಮನೆಯ ಬಾಗಿಲು ತಟ್ಟಿದ. ಇಷ್ಟರವರೆಗೆ ಅದು ಒಂದು ಮನೆಯ ತೊಂದರೆಯಾಗಿತ್ತು.

ಎದುರುಮನೆಯವರು ನಿವೃತ್ತ ಟೆಲಿಫೋನ್ ಲೈನ್‌ಮನ್ನು. ಕೇಬಲ್ ಎಂಬ ಮಾತು ಅವರ ಕಿವಿಗೆ ಬಿದ್ದು ಬಹಳ ವರ್ಷಗಳಾಗಿದ್ದವು. ಒಂದು ದೊಡ್ಡ ಸುತ್ತು ಕಪ್ಪು ವೈರನ್ನು ಹೆಗಲಿಗೆ ಹಾಕಿಕೊಂಡು, ಇಕ್ಕಳ ಹಿಡಿದು ಬಂದರು.

"ಎಲ್ಲಿ ಕಟ್ಟಾಗಿದೆ ಹೇಳಿ, ಜೋಡಿಸಿಬಿಡೋಣ."

"ಕಟ್ಟಾಗೋಕೆ ವೈರೇ ಇಲ್ಲ ಸಾರ್. ಇದು ವೈಫೈ."

ಅವರು ಲ್ಯಾಪ್‌ಟಾಪಿನ ಸುತ್ತ ಒಂದು ಬಳಸು ಬಂದು, ಕೋಳಿಯ ಬಾಯಿ ನೋಡಲು ಕರೆಸಿಕೊಂಡ ಹಲ್ಲಿನ ಡಾಕ್ಟರರ ಹಾಗೆ ನಿಂತರು. ಆಮೇಲೆ ಗೋಡೆಯ ಮೇಲೆ ಮಿಣಮಿಣ ಎನ್ನುತ್ತಿದ್ದ ನೆಟ್ ಪೆಟ್ಟಿಗೆ ಕಂಡು ಸಮಾಧಾನವಾಯಿತು. "ಇದಕ್ಕೆ ಎತ್ತರ ಸಾಲದು," ಎಂದು ಕುರ್ಚಿ ಹತ್ತಿದರು.

ಕುರ್ಚಿ ಎಳೆದ ಸದ್ದಿಗೆ ಕೆಳಗಿನ ಮನೆಯಿಂದ ಕಟ್ಟಡದ ಸಂಘದ ಕಾರ್ಯದರ್ಶಿಯಮ್ಮ ಬಂದರು. ಸದ್ದಿನ ಬಗ್ಗೆ ದೂರು ಹೇಳಲು ಬಂದವರು, ತೊಂದರೆ ಎಂದು ಕೇಳಿ ಕೂತೇಬಿಟ್ಟರು. ಅಲ್ಲ, ಕೂರುವ ಮೊದಲು ಅಡುಗೆಮನೆಗೆ ಹೋಗಿ ಎಲ್ಲರಿಗೂ ಕಾಫಿಗೆಂದು ಒಲೆಯ ಮೇಲೆ ಹಾಲಿಟ್ಟು ಬಂದರು.

ಅತ್ತೆ ಕೋಣೆಯಿಂದ ಕೂಗಿದರು. "ಅಳಿಯಂದ್ರೇ, ಅಷ್ಟು ಜನ ಬಂದಿದ್ದಾರಲ್ಲ, ಯಾರಾದ್ರೂ ಹೋಗ್ಬಿಟ್ರಾ?"

"ವೈಫೈ ಹೋಯ್ತು ಅತ್ತೆ."

"ವಯಸ್ಸಾಗಿತ್ತಾ?"

ಅವನು ಅವರನ್ನು ಎಬ್ಬಿಸಿ, ವಾಕರ್ ಹಿಡಿಸಿ ನಡೆಸಿ ತಂದು ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂರಿಸಿದ. ಅಷ್ಟರಲ್ಲಿ ಕಾರ್ಯದರ್ಶಿಯಮ್ಮ ಲ್ಯಾಪ್‌ಟಾಪನ್ನು ತಮ್ಮ ಕಡೆಗೆ ತಿರುಗಿಸಿಕೊಂಡಿದ್ದರು.

"ಆಫ್ ಮಾಡಿ ಆನ್ ಮಾಡಿದ್ರೆ ಆಯ್ತು ಕೈಪಿಡಿಯವರೇ. ನಮ್ಮ ಫ್ರಿಜ್ಜು ಹಾಗೇ ಸರಿಹೋಯ್ತು, ಟಿವಿ ಹಾಗೇ ಸರಿಹೋಯ್ತು. ನಮ್ಮ ಯಜಮಾನ್ರ ಕಿವಿ ಮಷೀನೂ ಅಷ್ಟೇ."

"ಬೇಡ ಮೇಡಂ, ಹಾಗೆಲ್ಲ ಗುಂಡಿ ಅದುಮಿ..."

ಅದುಮಿಯಾಗಿತ್ತು. ಪರದೆ ಕತ್ತಲಾಯಿತು. ಮತ್ತೆ ಒತ್ತಿದಾಗ, ಇಷ್ಟು ದಿನ ಅವನು ಎಂದೂ ನೋಡದ ಒಂದು ಪುಟ ಬಂತು. ಯಾವುದರಲ್ಲಿ ಶುರುಮಾಡಲಿ ಎಂದು ಲ್ಯಾಪ್‌ಟಾಪೇ ಕೇಳುತ್ತಿತ್ತು. ಮೇಲೆ ಇವತ್ತು ಬಂದ ಹೊಸ ಆವೃತ್ತಿ, ಕೆಳಗೆ ನಿನ್ನೆಯವರೆಗಿದ್ದ ಹಳೆಯದು.

"ಹೊಸದೇ ಇರ್ಲಿ," ಎಂದರು ಕಾರ್ಯದರ್ಶಿಯಮ್ಮ. "ತಡೀರಿ, ನಾನಿನ್ನೂ ಪೆಟ್ಟಿಗೆ ಎತ್ತಿಲ್ಲ," ಎಂದರು ಕುರ್ಚಿಯ ಮೇಲಿನ ಲೈನ್‌ಮನ್ನು.

"ನಿನ್ನೆ ಸರಿಯಿತ್ತಾ?" ಎಂದರು ಅತ್ತೆ.

"ಇತ್ತು ಅತ್ತೆ."

"ಮತ್ತೆ ನಿನ್ನೇದನ್ನೇ ಹಾಕ್ರಪ್ಪ. ಅದಕ್ಕೇನಾಗಿದೆ?"

ಬೇರೆ ಏನೂ ತೋಚದೆ ಅವನು ನಿನ್ನೆಯದನ್ನು ಒತ್ತಿದ. ಲೈನ್‌ಮನ್ನು ಅದೇ ಹೊತ್ತಿಗೆ ಪೆಟ್ಟಿಗೆಯನ್ನು ಬೀರುವಿನ ಮೇಲೆ ಏರಿಸಿದರು. ಮೂಲೆಯಲ್ಲಿ ಬೀಸಣಿಗೆ ಬಿಚ್ಚಿಕೊಂಡಿತು.

"ನಾನು ಹೇಳ್ಲಿಲ್ವೇನ್ರೀ, ಎತ್ತರ ಅಂತ," ಎಂದರು ಲೈನ್‌ಮನ್ನು.

"ಎತ್ತರವಂತೆ. ಆಫ್ ಮಾಡಿದ್ದು ಯಾರು?" ಎಂದರು ಕಾರ್ಯದರ್ಶಿಯಮ್ಮ.

ಲಿಫ್ಟಿನಿಂದ ಹೊರಬಿದ್ದ ಭಾವಮೈದನೂ ಮೆಸೇಜು ಹಾಕಿದ: ಸರಿಹೋಗಿರುತ್ತೆ ಭಾವ, ನಾನು ಹೇಳಿದ್ದೇ ಮದ್ದು. ಅತ್ತೆ ಮಾತ್ರ ಮಂಡಿ ನೀವಿಕೊಳ್ಳುತ್ತಿದ್ದರು.

ಹನ್ನೊಂದಾಗಿತ್ತು. ನೆರೆಯವರಿಬ್ಬರೂ ಬೆನ್ನ ಹಿಂದೆ ಜಗಳವಾಡುತ್ತಿರುವಂತೆಯೇ ಅವನು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಮೀಟಿಂಗಿಗೆ ಕೂತ. ಉಳಿದವರಿಗಿಂತ ಮೊದಲೇ ಮ್ಯಾನೇಜರು ಪರದೆಯ ಮೇಲೆ ಬಂದರು. ಅವರ ಮುಖ ಅಷ್ಟು ನಿಚ್ಚಳವಾಗಿ ಎಂದೂ ಕಂಡಿರಲಿಲ್ಲ.

"ನೆಟ್ ತೊಂದರೆ ಅಂದಿದ್ರಿ?"

ಕೆಟ್ಟ ಹೆಸರು ತೊಳೆದುಕೊಳ್ಳಲು ಇದೇ ಸಮಯ ಎನಿಸಿತು ಅವನಿಗೆ. "ದೊಡ್ಡದೇನಲ್ಲ ಸರ್. ಲಿನಕ್ಸಿನ ಹೊಸ ಕರ್ನಲ್ಲಿಗೂ ಡ್ರೈವರಿಗೂ ಆಗಿಬರ್ತಿರ್ಲಿಲ್ಲ. ಹಳೇದಕ್ಕೆ ಹಾಕಿದೆ, ಸರಿಹೋಯ್ತು."

"ಯಾರನ್ನ ಕರೆಸಿದ್ರಿ?"

"ಯಾರೂ ಇಲ್ಲ ಸರ್. ನಾನೊಬ್ನೇ."

ಬೆನ್ನ ಹಿಂದೆ ಜಗಳ ತಟಕ್ಕನೆ ನಿಂತಿತು. ಮ್ಯಾನೇಜರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಆಫೀಸಿನ ಕಂಪ್ಯೂಟರುಗಳಿಗೆಲ್ಲ ಸೋಮವಾರದಿಂದ ಲಿನಕ್ಸನ್ನೇ ಹಾಕುವುದೆಂದು ಮೇಲಿನವರು ತೀರ್ಮಾನಿಸಿದ್ದಾರೆ, ಅದನ್ನು ನೋಡಿಕೊಳ್ಳುವವರು ಯಾರಪ್ಪಾ ಎಂದು ತಮಗೆ ಊಟ ಸೇರುತ್ತಿರಲಿಲ್ಲ, ಎಂದರು.

"ಬೆಳಿಗ್ಗೆಯಿಂದ ಸಂಜೆವರೆಗೂ ಇಲ್ಲೇ ಇರ್ಬೇಕಾಗುತ್ತೆ. ದಿನಾ. ನಿಮಗೊಂದು ಮೇಜು ಹಾಕಿಸ್ತೀನಿ."

"ಸರ್, ನಿಜ ಹೇಳ್ಬೇಕಂದ್ರೆ ಅದು ನಾನಲ್ಲ. ನಮ್ಮತ್ತೆ."

ಮ್ಯಾನೇಜರು ನಕ್ಕರು. "ಕೆಲಸ ಗೊತ್ತಿರೋರು ಹೀಗೇ ಮಾತಾಡೋದು."

ಅವನು ಲ್ಯಾಪ್‌ಟಾಪನ್ನು ಹಿಂದಕ್ಕೆ ತಿರುಗಿಸಿದ. "ಇವರನ್ನೇ ಕೇಳಿ ಸರ್. ಹೇಳಿ ಸಾರ್, ಪೆಟ್ಟಿಗೆ ಎತ್ತಿದ್ದು ನೀವು ತಾನೇ?"

"ನಾನು ವೈರು ವಾಪಸ್ ಇಸ್ಕೊಂಡು ಹೋಗೋಣ ಅಂತ ಬಂದೆ," ಎಂದು ಲೈನ್‌ಮನ್ನು ಸುತ್ತನ್ನು ಹೆಗಲಿಗೇರಿಸಿದರು.

"ಮೇಡಂ, ನೀವಾದ್ರೂ..."

"ನನಗೆ ಈ ಕಂಪ್ಯೂಟರು ಗಿಂಪ್ಯೂಟರು ಒಂದೂ ತಿಳಿಯೋಲ್ಲಪ್ಪ," ಎಂದು ಕಾರ್ಯದರ್ಶಿಯಮ್ಮ ಬಾಗಿಲು ದಾಟಿದರು.

ಅವನು ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡ. "ಸರ್, ಮನೇಲಿ ಅತ್ತೇನ ನೋಡ್ಕೊಳ್ಳೋಕೆ ಯಾರೂ ಇಲ್ಲ. ಮಂಡಿ ಆಪರೇಶನ್ ಆಗಿದೆ. ಪಕ್ಕದಲ್ಲಿ ನಾನಿಲ್ದೆ ಒಂದು ಹೆಜ್ಜೆ ಇಡಲ್ಲ."

"ಹೌದಾ," ಎಂದರು ಮ್ಯಾನೇಜರು. ಅವರಿಗೂ ಅಯ್ಯೋ ಅನಿಸಿದ್ದು ಮುಖದಲ್ಲಿ ಕಂಡಿತು. "ಆದ್ರೆ ಮೇಲಿನವರಿಗೆ ಇವತ್ತೇ ಹೆಸರು ಕೊಡ್ಬೇಕು. ಈಗ್ಲೇ ಒಂದು ಮಾತು ಹೇಳಿಬಿಡಿ, ಬರ್ತೀರೋ ಇಲ್ವೋ."

ಇಲ್ಲ ಎಂದರೆ ಕೆಲಸಕ್ಕೆ ಸಂಚಕಾರ, ಹೂಂ ಎಂದರೆ ಮನೆಗೆ. ಆಗ ಅವನಿಗೆ ತನ್ನ ಜೀವಮಾನದಲ್ಲೇ ಅತ್ಯುತ್ತಮವಾದ ಯೋಚನೆಯೊಂದು ಹೊಳೆಯಿತು. ಬಾಯಿ ಅರ್ಧ ತೆರೆದು, ಒಂದು ಕೈ ಗಾಳಿಯಲ್ಲಿ ಎತ್ತಿ, ಕಣ್ಣು ಮಿಟುಕಿಸದೆ ಅಲ್ಲಾಡದೆ ಕುಳಿತುಬಿಟ್ಟ. ನೆಟ್ ನಿಂತುಹೋದರೆ ಜನ ಹೇಗೆ ಕಾಣುತ್ತಾರೋ ಹಾಗೆಯೇ ಕಾಣುತ್ತಿದ್ದ.

"ಹಲೋ? ಕೇಳಿಸ್ತಿದೆಯಾ? ಅಯ್ಯೋ, ಸಿಕ್ಕಿಹಾಕ್ಕೊಂಡಿದ್ದಾರೆ," ಎಂದರು ಮ್ಯಾನೇಜರು.

ಮೂಗು ತುರಿಸುತ್ತಿತ್ತು. ಅವನು ಸಹಿಸಿಕೊಂಡ. ಇನ್ನೇನು ಅವರು ಮೀಟಿಂಗು ಮುಗಿಸಿಬಿಡಬೇಕು, ಅಷ್ಟರಲ್ಲಿ ಅಡುಗೆಮನೆಯಲ್ಲಿ ಹಾಲು ಚೊಂಯ್ ಎಂದು ಉಕ್ಕಿತು. ಹಿಂದಿನಿಂದ ಟಕ್, ಟಕ್ ಎಂದು ವಾಕರಿನ ಸದ್ದು ಕೇಳಿತು. ತಿರುಗಿ ನೋಡುವ ಹಾಗಿರಲಿಲ್ಲ. ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಕಂಡಿತು: ಅತ್ತೆ ಯಾರ ಆಸರೆಯೂ ಇಲ್ಲದೆ ಅವನ ಬೆನ್ನ ಹಿಂದೆ ಬಿರಬಿರನೆ ಅಡುಗೆಮನೆಗೆ ನಡೆದುಹೋಗುತ್ತಿದ್ದರು. ಒಲೆ ಆರಿಸಿದರು. ಹಾಗೆಯೇ ಬಿರಬಿರನೆ ವಾಪಸು ಬಂದರು.

ಮ್ಯಾನೇಜರು ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರಕ್ಕೆ ಬಾಗಿದರು.

"ಮುಂದಿರೋರು ನಿಂತುಹೋಗಿದ್ದಾರೆ, ಹಿಂದಿರೋರು ಚೆನ್ನಾಗಿ ಓಡಾಡ್ತಿದ್ದಾರೆ," ಎಂದರು ತಣ್ಣಗೆ. "ಇದು ಯಾವ ಥರದ ನೆಟ್ ತೊಂದರೆ ಅಂತ ಸೋಮವಾರ ಆಫೀಸಿಗೆ ಬಂದು ನೀವೇ ನನಗೆ ಹೇಳ್ಕೊಡಿ."